ಅಕ್ಕನ ಸೀರೆ ಕೊಟ್ಟು ಕೊಂಡ ಚೀಲ

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಯೂ ಮಡಿಲಲ್ಲಿ ಕೂತು ಕತೆ ಕೇಳುತ್ತಿದ್ದ ಕಾಲದಲ್ಲಿ, ಚಳಿಗೆರೆ ಎಂಬ ರಾಜ್ಯವಿತ್ತು. ಅಲ್ಲೊಬ್ಬ ರಾಜನಿದ್ದ, ಒಬ್ಬಳು ರಾಣಿಯಿದ್ದಳು. ಅವರ ಪಾಡಿಗೆ ಅವರಿರಲಿ, ಈ ಕತೆ ಅವರದಲ್ಲ.

ಆ ರಾಜ್ಯದ ಅಂಚಿನಲ್ಲಿ ಮಾತುಗುಡ್ಡ ಅಂತ ಒಂದು ಗುಡ್ಡ. ಮನೆಯಲ್ಲಿ ಯಾರಾದರೂ ಸತ್ತರೆ, ವರ್ಷ ತುಂಬುವುದರೊಳಗೆ ಅವರ ಕಡೆಯವರೊಬ್ಬರು ಆ ಗುಡ್ಡ ಹತ್ತಿ ಮೂರು ರಾತ್ರಿ ಬಯಲಿನಲ್ಲಿ ಮಲಗಬಹುದಿತ್ತು. ಮೂರರಲ್ಲಿ ಒಂದು ರಾತ್ರಿ ಸತ್ತವರು ನಿದ್ದೆಯಲ್ಲಿ ಬಂದು, ತಲೆಯ ಹತ್ತಿರ ಕೂತು ಮಾತಾಡುತ್ತಿದ್ದರು. ಒಂದೇ ಸಲ, ಆಮೇಲೆ ಇಲ್ಲ. ಗುಡ್ಡದ ಮೇಲೆ ಬೆಂಕಿ ಹಾಕುವಂತಿಲ್ಲ, ಗುಡಿಸಲು ಕಟ್ಟುವಂತಿಲ್ಲ. ಚಳಿಯೋ, ಮೂಳೆಗೇ ಇಳಿಯುವಂಥದ್ದು. ನಡುಗುತ್ತ ಎಚ್ಚರವಿದ್ದವರ ಹತ್ತಿರ ಯಾರೂ ಸುಳಿಯುವುದಿಲ್ಲ. ಹಾಗಾಗಿ ಅಲ್ಲಿಗೆ ಹೊರಟವರಿಗೆ ಬುತ್ತಿ ಇಲ್ಲದಿದ್ದರೂ ನಡೆಯುತ್ತಿತ್ತು, ಕಾಲಿನಿಂದ ಕುತ್ತಿಗೆಯವರೆಗೆ ಒಳಹೊಕ್ಕು ಮಲಗುವ ಹೊದಿಕೆಚೀಲ ಮಾತ್ರ ಬೇಕೇ ಬೇಕಿತ್ತು.

ಗುಡ್ಡದ ಕೆಳಗಿನ ಊರಲ್ಲಿ ಪಾಲಾಕ್ಷ ಎಂಬ ಹುಡುಗ ಪುಂಡಿನಾರಿನ ಹಗ್ಗ ಹೊಸೆದು ಬದುಕುತ್ತಿದ್ದ. ಹೆತ್ತ ತಾಯಿಯ ಮುಖ ಅವನಿಗೆ ನೆನಪಿರಲಿಲ್ಲ. ಅಕ್ಕ ದ್ಯಾಮಕ್ಕನೇ ಅವನಿಗೆ ಉಣ್ಣಿಸಿ, ಬೈದು, ಎಣ್ಣೆ ಹಚ್ಚಿ ಬೆಳೆಸಿದವಳು. ಮೀಸೆ ಮೂಡಿದ ಮೇಲೆ ಇವನಿಗೆ ರಾಜನ ಸೈನ್ಯಕ್ಕೆ ಸೇರುವ ಹುಚ್ಚು ಹಿಡಿಯಿತು. ಬೇಡ ಅಂದಳು ಅಕ್ಕ.

"ಬೇಡ ಅನ್ನೋಕೆ ನೀನೇನು ನನ್ನ ತಾಯಿಯಾ?" ಅಂದುಬಿಟ್ಟ ಪಾಲಾಕ್ಷ. ಬಾಗಿಲು ದಡಾರನೆ ಹಾಕಿಕೊಂಡು ಗೆಳೆಯನ ಮನೆಗೆ ಹೋದ. ಸಿಟ್ಟು ಇಳಿದು ವಾಪಸ್ಸು ಬರುವಷ್ಟರಲ್ಲಿ ಪುಂಡಿ ಕೊಯ್ಯಲು ಹೋಗಿದ್ದ ಅಕ್ಕನಿಗೆ ಹಾವು ಕಚ್ಚಿತ್ತು. ಜನ ಅವಳನ್ನು ಅಂಗಳದಲ್ಲಿ ಮಲಗಿಸಿದ್ದರು. ನೀನೇ ನನ್ನ ತಾಯಿ ಅಂತ ಹೇಳಬೇಕು ಅನ್ನಿಸಿತು ಅವನಿಗೆ. ಕೇಳುವವಳು ಇರಲಿಲ್ಲ. ಅನ್ನದ ತುತ್ತು ಗಂಟಲಿಗೆ ಸಿಕ್ಕಿದ ಹಾಗೆ ಆ ಒಂದು ಮಾತು ಅವನೊಳಗೆ ಸಿಕ್ಕಿಕೊಂಡಿತು.

ವರ್ಷ ತುಂಬಲು ಇನ್ನು ಕೆಲವೇ ದಿನ ಇದ್ದಾಗ ಅವನು ಚೀಲ ಕೊಳ್ಳಲು ಪೇಟೆಗೆ ಹೋದ.

ಮೊದಲನೆಯದು ಅರಮನೆ ಬೀದಿಯ ಅಂಗಡಿ. ಅಲ್ಲಿ ಹಂಸದ ಗರಿ ತುಂಬಿದ ಚೀಲ ತೂಗುಹಾಕಿದ್ದರು. ಕೈಯಿಟ್ಟರೆ ಕೈಗೇ ನಿದ್ದೆ ಬರುವಂತಿತ್ತು.

"ಮುಟ್ಟಬೇಡವೋ, ಕೊಳೆಯಾಗುತ್ತೆ," ಅಂದ ಅಂಗಡಿಯವನು. "ಮನೆ ಮಾರಿ ಬಾ, ಕೊಡ್ತೀನಿ."

"ಮೂರೇ ರಾತ್ರಿಗೆ ಮನೆ ಮಾರಲಾ?" ಅಂದು ಪಾಲಾಕ್ಷ ಇಳಿದು ಬಂದ.

ಎರಡನೆಯದು ಸಂತೆಮೂಲೆಯ ಮುದುಕಿಯ ಅಂಗಡಿ. ಅಲ್ಲಿ ಹುಲ್ಲು ತುಂಬಿದ ಗೋಣಿಚೀಲ. ಬಲು ಅಗ್ಗ.

"ತಗೋ ಅಂತ ನಾನು ಹೇಳಲ್ಲ ಮಗಾ," ಅಂದಳು ಮುದುಕಿ. ಇಷ್ಟು ನಿಜ ಹೇಳಿ ಅವಳು ಅದು ಹೇಗೆ ವ್ಯಾಪಾರ ಮಾಡುತ್ತಿದ್ದಳೋ! "ಇಬ್ಬನಿ ಬಿದ್ದರೆ ಒಳಗೆಲ್ಲ ನೀರು. ಕಣ್ಣಿಗೆ ಕಣ್ಣು ಹತ್ತಲ್ಲ."

ನಿದ್ದೆ ಬಾರದ ಚೀಲ ತಗೊಂಡು ಏನು ಮಾಡುವುದು? ಅಲ್ಲಿಂದಲೂ ಬರಿಗೈಯಲ್ಲಿ ಹೊರಟ.

ಮೂರನೆಯವನು ಬದಲಯ್ಯ. ಅವನಿಗೆ ಅಂಗಡಿಯಿಲ್ಲ, ಒಂದು ಗಾಡಿ. ಗಾಡಿಗೆ ಕಟ್ಟಿದ ಕತ್ತೆಗೆ ನೆರಳಿರಲಿಲ್ಲ. ಹಳೆ ಬಟ್ಟೆಗೆ ಪಾತ್ರೆ ಕೊಡುವವರ ಹಾಗೆ ಅವನು ಬೀದಿ ಬೀದಿ ಕೂಗುತ್ತಿದ್ದ: "ಹಳೇ ಬಟ್ಟೆ ಕೊಡೀ, ಹೊಸಾ ಚೀಲ ತಗೊಳ್ಳೀ! ಸತ್ತೋರ ಬಟ್ಟೆ ಇದ್ರೂ ಪರವಾಗಿಲ್ಲಾ!"

ಊರಿನವರಿಗೆಲ್ಲ ಅದು ಒಳ್ಳೆಯ ವ್ಯಾಪಾರ ಅನ್ನಿಸಿತ್ತು. ಸತ್ತವರ ಬಟ್ಟೆಯನ್ನು ಉಡುವಂತಿಲ್ಲ, ಬಿಸಾಡಲು ಮನಸ್ಸಿಲ್ಲ. ಅದಕ್ಕೆ ಬದಲಾಗಿ ಬೆಚ್ಚಗಿನ ಚೀಲ ಸಿಕ್ಕರೆ ಯಾರಿಗೆ ಬೇಡ? ದ್ಯಾಮಕ್ಕನಿಗೆ ಇದ್ದದ್ದು ಎರಡು ಸೀರೆ. ಒಂದು ಅವಳ ಜೊತೆಗೇ ಹೋಗಿತ್ತು. ಉಳಿದ ಇಟ್ಟಿಗೆ ಬಣ್ಣದ ಸೀರೆಯನ್ನು ಪಾಲಾಕ್ಷ ಎದೆಗೆ ಒತ್ತಿಕೊಂಡು ಬಹಳ ಹೊತ್ತು ನಿಂತ. ಕೊನೆಗೆ, ಅಕ್ಕನೇ ಸಿಗುವಾಗ ಸೀರೆ ಯಾಕೆ ಅಂದುಕೊಂಡು ಕೊಟ್ಟುಬಿಟ್ಟ. ಚೀಲ ಹೂವಿನಷ್ಟು ಹಗುರವಾಗಿತ್ತು.

ಗುಡ್ಡದ ಮೇಲೆ ಮೊದಲ ರಾತ್ರಿ ಚೀಲದೊಳಗೆ ಹೊಕ್ಕ ಕೂಡಲೇ ನಿದ್ದೆ ಬಂತು. ನಿದ್ದೆಯಲ್ಲಿ ಯಾರೋ ತಲೆ ಸವರಿದರು.

"ಬಸ್ಯಾ, ಉಂಡೆಯೇನೋ?"

ಅಕ್ಕನಲ್ಲ. ಯಾರೋ ಹಣ್ಣು ಹಣ್ಣು ಮುದುಕಿ.

"ನಾನು ಬಸ್ಯ ಅಲ್ಲ! ಯಾರು ನೀನು? ನನ್ನ ಅಕ್ಕ ಎಲ್ಲಿ?" ಅಂತ ಪಾಲಾಕ್ಷ ರೇಗಿದ.

ಮುದುಕಿ ಬೆದರಿದಳು. "ನನ್ನ ಸೀರೆ ನಿನ್ನ ಹತ್ತಿರವೇ ಇದೆಯಲ್ಲೋ. ನಮಗೆ ಕಣ್ಣು ಕಾಣಲ್ಲ ಕಣಪ್ಪ, ನಾವು ಬಟ್ಟೆ ಹಿಡಿದು ಬರೋರು. ನೀನು ಬಸ್ಯ ಅಲ್ಲದಿದ್ರೆ ನನ್ನ ಮಗ ಎಲ್ಲಿ?" ಅಂತ ಕೈಯಲ್ಲಿ ಗಾಳಿ ತಡವುತ್ತ ಅಳುತ್ತ ಹೋದಳು.

ಬೆಳಗಾದ ಮೇಲೆ ಪಾಲಾಕ್ಷ ಚೀಲದ ಹೊಲಿಗೆ ಬಿಚ್ಚಿ ನೋಡಿದ. ಒಳಗೆ ಒಂದು ಹಸಿರು ಸೀರೆ, ಜೊತೆಗೆ ಅಂಗೈಯಗಲದ ಒಂದು ಲಂಗ. ಹಳಬರು ತಮ್ಮ ತಮ್ಮ ಮನೆಯ ಸತ್ತವರ ಬಟ್ಟೆಯನ್ನೇ ತುಂಬಿ ಚೀಲ ಹೊಲಿಯುತ್ತಿದ್ದರು. ಅದು ಬಡತನ ಅಂತ ಈಗಿನವರು ಅಂದುಕೊಂಡಿದ್ದರು. ಅವರಿಗೆ ಅಷ್ಟೇ ಬುದ್ಧಿ.

ಎರಡನೆಯ ರಾತ್ರಿ ಒಂದು ಪುಟ್ಟ ಹುಡುಗಿ ಬಂದಳು. ಅವಳ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಪ್ಪಾ, ಎತ್ತಿಕೋ."

ನಾನಲ್ಲ ಅನ್ನಲು ಪಾಲಾಕ್ಷನಿಗೆ ಬಾಯಿ ಬರಲಿಲ್ಲ. ಎತ್ತಿಕೊಂಡ. ಹುಡುಗಿ ಅವನ ಕಿವಿಯಲ್ಲಿ, "ಹೊಳೆ ದಾಟೋವಾಗ ನೀನು ಕೈ ಬಿಟ್ಟಿಲ್ಲ ಅಪ್ಪಾ. ಮೀನು ನೋಡೋಕೆ ನಾನೇ ಬಿಡಿಸ್ಕೊಂಡೆ. ನೀನು ಅಳಬೇಡ," ಅಂದಳು. ಬೆಳಗಿನವರೆಗೂ ಅವನ ಹೆಗಲ ಮೇಲೆಯೇ ಮಲಗಿದ್ದಳು.

ಮೂರನೆಯ ಸಂಜೆ ಬದಲಯ್ಯನೇ ಗುಡ್ಡ ಹತ್ತಿ ಬಂದ.

"ನನ್ನ ಗುಟ್ಟು ತಿಳಿದುಕೊಂಡುಬಿಟ್ಟೆ, ಜಾಣ," ಅಂದ. "ಹೇಳದೆ ಹೊಟ್ಟೆಯಲ್ಲೇ ಉಳಿದ ಮಾತು ನನಗೆ ಅನ್ನ. ಅದನ್ನೇ ತಿಂದು ನಾನು ನೂರಾರು ವರ್ಷ ಬದುಕಿದ್ದೀನಿ. ಈಗ ಕೇಳು. ನಿನ್ನ ಅಕ್ಕನ ಸೀರೆ ತುಂಬಿದ ಚೀಲ ಇದೇ ಗುಡ್ಡದಲ್ಲಿ ಯಾರ ಮೈಮೇಲೋ ಇದೆ. ಅವಳಿನ್ನೂ ಬಂದಿಲ್ಲ, ಈ ರಾತ್ರಿ ಬರ್ತಾಳೆ. ಸೀರೆ ತಂದು ನಿನಗೆ ಹೊದಿಸ್ತೀನಿ. ಅದಕ್ಕೆ ಬದಲು, ಮುದುಕಿ ಹೇಳಿದ್ದು, ಆ ಮಗು ಹೇಳಿದ್ದು, ಯಾರ ಮುಂದೆಯೂ ಬಾಯಿ ಬಿಡಲ್ಲ ಅಂತ ಆಣೆ ಮಾಡು."

ಪಾಲಾಕ್ಷನ ಜೀವ ಒದ್ದಾಡಿತು. ಹೂಂ ಅಂದರೆ ಅಕ್ಕ ಬರುತ್ತಾಳೆ. ಆ ಒಂದು ಮಾತು ಹೇಳಬಹುದು. ಆದರೆ ತಾನೇ ಕೈ ಬಿಟ್ಟೆ ಅಂತ ಎಲ್ಲೋ ಒಬ್ಬ ಅಪ್ಪ ದಿನಾ ಸಾಯುತ್ತಿದ್ದಾನೆ.

"ಆಗಲ್ಲ," ಅಂದ. ಅನ್ನುವಾಗಲೇ ಅತ್ತ.

ಬದಲಯ್ಯ ಮಾಯವಾದ. ಗುಡ್ಡವನ್ನು ಮಂಜು ಮುಚ್ಚಿತು. ಪಾಲಾಕ್ಷ ರಾತ್ರಿಯಿಡೀ ಆ ಮಂಜಿನಲ್ಲಿ ಓಡಾಡಿದ. "ಇಟ್ಟಿಗೆ ಬಣ್ಣದ ಸೀರೆ ಯಾರ ಹತ್ತಿರ ಇದೆ? ಅಕ್ಕಾ! ಓ ಅಕ್ಕಾ!" ಅಂತ ಗಂಟಲು ಬಿರಿಯುವಂತೆ ಕೂಗಿದ. ನಿದ್ದೆ ಕೆಟ್ಟವರು ಬೈದರು. ಅವನಿಗೆ ಬೇಕಾದವರು ಮಾತ್ರ ಓಗೊಡಲಿಲ್ಲ. ಹಾಗೆ ಕೂಗುತ್ತಿರುವಾಗಲೇ ಬೆಳಕು ಹರಿಯಿತು. ಅಕ್ಕ ಬಂದು ಹೋದದ್ದೂ ಆಗಿತ್ತು.

ಪಾಲಾಕ್ಷ ಕಾಲೆಳೆಯುತ್ತ ಪೇಟೆಗೆ ಬಂದು, ನಡುಬೀದಿಯಲ್ಲಿ ಹಸಿರು ಸೀರೆ ಎತ್ತಿ ಹಿಡಿದ.

"ಈ ಸೀರೆಯ ಅಜ್ಜಿಯ ಮಗ ಬಸ್ಯ ಯಾರು?"

ದಪ್ಪ ಮೀಸೆಯವನೊಬ್ಬ ಮುಂದೆ ಬಂದ.

"ನಿಮ್ಮವ್ವ ನನ್ನ ಹತ್ತಿರ ಬಂದಿದ್ದಳಣ್ಣ. ಉಂಡೆಯಾ ಅಂತ ಕೇಳಿದಳು. ನಾನು ಗದರಿಸಿ ಕಳಿಸಿಬಿಟ್ಟೆ. ನನ್ನದು ತಪ್ಪಾಯ್ತು."

ಬಸ್ಯ ಸೀರೆಯಲ್ಲಿ ಮುಖ ಮುಚ್ಚಿಕೊಂಡು, "ಉಂಡೆ ಕಣವ್ವಾ, ಉಂಡೆ," ಅಂತ ಬಿಕ್ಕಿದ. ಗಾಡಿಯ ಮೇಲೆ ಕೂತಿದ್ದ ಬದಲಯ್ಯ ಒಂದು ಮೊಳ ಕುಗ್ಗಿದ.

ಪಾಲಾಕ್ಷ ಲಂಗ ಎತ್ತಿ ಹಿಡಿದ. ಯಾರೂ ಮುಂದೆ ಬರಲಿಲ್ಲ. ಗೋಡೆಗೆ ಒರಗಿದ್ದ ಒಬ್ಬ ದೋಣಿಯವನು ಮಾತ್ರ ಅಲ್ಲೇ ಕುಸಿದು ಕೂತ. ಪಾಲಾಕ್ಷ ಅವನ ಪಕ್ಕ ಕೂತು ಮಗು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ದೋಣಿಯವನು ಮಗಳ ಹೆಸರು ಹಿಡಿದು ಕೂಗಿದ. ಬದಲಯ್ಯ ಕತ್ತೆಯ ಮೊಣಕಾಲಿನಷ್ಟಾದ.

ಅದನ್ನು ನೋಡಿ ಊರಿಗೆ ಊರೇ ಚೀಲಗಳ ಹೊಲಿಗೆ ಬಿಚ್ಚಿತು. ಈ ಪಂಚೆ ಯಾರದು, ಈ ಕುಪ್ಪಸ ಯಾರದು, ನಿಮ್ಮವರು ಹೀಗಂದರು, ನಿಮ್ಮವರು ಹಾಗಂದರು ಅಂತ ಪೇಟೆ ತುಂಬ ಅಳುವೋ ಅಳು. ಕತ್ತೆಗೆ ನೆರಳು ಬಂತು. ಬದಲಯ್ಯ ಹೆಬ್ಬೆರಳಿನಷ್ಟಾಗಿ ಅದರ ಕಿವಿಗೆ ಜೋತುಬಿದ್ದ.

"ಇನ್ನೊಂದು ಉಳಿದಿದೆ," ಅಂತ ಸೊಳ್ಳೆಯಂತೆ ನಕ್ಕ. "ನಿನ್ನದೇ ಕಣೋ ಪಾಲಾಕ್ಷ. ಅಷ್ಟು ಸಾಕು ನನಗೆ. ನಾಳೆ ಮತ್ತೆ ಬೆಳೀತೀನಿ."

ಆಗ ಸುಣ್ಣ ಮಾರುವ ಬೊಮ್ಮಜ್ಜ ಚೀಲ ಹೆಗಲ ಮೇಲೆ ಹಾಕಿಕೊಂಡು ನಿಧಾನವಾಗಿ ಗುಡ್ಡದಿಂದ ಇಳಿದು ಬಂದ. ಹೆಂಡತಿಯನ್ನು ಕಾಣಲು ಹೋಗಿದ್ದವನು. ಹುಟ್ಟುಕಿವುಡನಲ್ಲದಿದ್ದರೂ, ಬಹಳ ವರ್ಷದಿಂದ ಅವನಿಗೆ ಕಿವಿ ಒಂದಿಷ್ಟೂ ಕೇಳಿಸದು. ಅವನ ಚೀಲದ ಹರಕಿನಿಂದ ಇಟ್ಟಿಗೆ ಬಣ್ಣದ ಸೆರಗು ಇಣುಕುತ್ತಿತ್ತು.

ಪಾಲಾಕ್ಷ ಸೆರಗು ಹಿಡಿದುಕೊಂಡು ಅವನ ಮುಖ ನೋಡಿದ. ಸುತ್ತ ಬಿಚ್ಚಿ ಬಿದ್ದ ಚೀಲಗಳನ್ನು ಕಂಡು ಅಜ್ಜನಿಗೆ ಎಲ್ಲ ಅರ್ಥವಾಯಿತು.

"ನಿನ್ನವಳಾ ಅದು? ರಾತ್ರಿ ಬಂದಿತ್ತು ಕಣಪ್ಪ, ಚೆಂದದ ಹುಡುಗಿ. ನನ್ನ ಕೈ ಹಿಡ್ಕೊಂಡು ಬೆಳಗಿನವರೆಗೂ ಮಾತಾಡ್ತು. ಕನಸಲ್ಲೂ ನನಗೆ ಕಿವಿ ಕೇಳಿಸಲ್ಲವಲ್ಲ! ತುಟಿ ಆಡೋದು ಕಾಣ್ತಿತ್ತು, ಅಷ್ಟೆ. ಪಾಪ, ಏನೋ ಕೇಳ್ತಾನೇ ಇತ್ತು. ಬೇಜಾರಾಗಬಾರದು ಅಂತ ಎಲ್ಲದಕ್ಕೂ ಹೂಂ, ಹೂಂ ಅಂದೆ. ಹೋಗೋವಾಗ ನನ್ನ ಕೆನ್ನೆ ಮುಟ್ಟಿ ನಗ್ತಾ ಹೋಯ್ತು. ತಪ್ಪು ಮಾಡಿದ್ನಾ ಮಗಾ?"

ಪಾಲಾಕ್ಷ ಇಲ್ಲ ಅಂತ ತಲೆಯಾಡಿಸಿದ. ಆಮೇಲೆ ಮುದುಕನ ಎರಡೂ ಕೈ ಹಿಡಿದುಕೊಂಡು ಅವನ ಕಿವಿಯ ಹತ್ತಿರ ಬಾಗಿದ.

"ಅಕ್ಕಾ, ನೀನೇ ನನ್ನ ತಾಯಿ. ಆವತ್ತು ಅಂದದ್ದು ಸುಳ್ಳು."

ಬೊಮ್ಮಜ್ಜನಿಗೆ ಏನೂ ಕೇಳಿಸಲಿಲ್ಲ. ಆದರೂ ಹುಡುಗನ ಮುಖ ನೋಡಿ, ಅವನ ಕೆನ್ನೆ ಒರೆಸಿ, "ಹೂಂ ಕಣಪ್ಪ, ಹೂಂ," ಅಂದ.

ಕತ್ತೆ ಕಿವಿ ಒದರಿತು. ಬದಲಯ್ಯ ಇದ್ದ ಜಾಗದಲ್ಲಿ ಏನೂ ಇರಲಿಲ್ಲ.

ಅಂದಿನಿಂದ ಚಳಿಗೆರೆಯ ಜನ ತಮ್ಮವರ ಬಟ್ಟೆಯನ್ನು ತಾವೇ ಚೀಲಕ್ಕೆ ತುಂಬಿ ಹೊಲಿದುಕೊಂಡರು, ತಮ್ಮವರನ್ನು ಕಂಡರು, ಹೇಳಬೇಕಾದ್ದನ್ನು ಹೇಳಿ ಹಗುರಾಗಿ ಬದುಕಿದರು. ಪಾಲಾಕ್ಷನೂ ಮದುವೆಯಾದ, ಮಕ್ಕಳಾದವು, ಸುಖವಾಗಿಯೇ ಇದ್ದ. ಆ ರಾತ್ರಿ ಅಕ್ಕ ಏನೇನು ಕೇಳಿದಳು ಅನ್ನುವುದು ಮಾತ್ರ ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.