ಕಲ್ಲಿನಡಿಯ ಹೆಪ್ಪು

"ಅಮ್ಮಾ, ಸುರೀಬ್ಯಾಡ! ಅದ್ನ ಮಾತ್ರ ಸುರೀಬ್ಯಾಡ!"

ರೂಪಶ್ರೀ ಕೂಗುತ್ತ ಹಿತ್ತಲಿಗೆ ಓಡಿ ಬರುವಷ್ಟರಲ್ಲಿ ಅಮ್ಮ ಮೊಸರಿನ ಗಡಿಗೆಯನ್ನು ತಿಪ್ಪೆಯ ಮೇಲೆ ಬಗ್ಗಿಸಿಯಾಗಿತ್ತು. ಗಟ್ಟಿ ಮೊಸರು ದೊಪ್ಪೆಂದು ಬಿತ್ತು. ಕಾದು ಕೂತಿದ್ದ ನಾಯಿಯೊಂದು ಬಂದು ನೆಕ್ಕತೊಡಗಿತು.

"ಸೂತಕದ ಮನೇಲಿ ಅಳೇ ಮೊಸರು ಮಡಗಬಾರ್ದು ಕಣವ್ವಾ," ಎಂದಳು ಪಕ್ಕದ ಮನೆಯ ಕುಳ್ಳಮ್ಮ. "ನಿಮ್ಮಜ್ಜಿ ಉಸುರು ಓದಾಗ ಮನೇಲಿದ್ದ ಅನ್ನ, ಸಾರು, ನೀರು, ಎಲ್ಲಾನೂ ಆಚೆಗಾಕ್ಬೇಕು. ಗಡಿಗೆನೂ ಒಡೆದಾಕ್ಬೇಕು."

ಕುಳ್ಳಮ್ಮ ಅಂದರೆ ಸಾಮಾನ್ಯಳೇ? ಬೀಚನಹಳ್ಳಿಯ ಶಾಸ್ತ್ರವೆಲ್ಲ ಅವಳ ಸೆರಗಿನ ಗಂಟಿನಲ್ಲೇ ಇತ್ತು. ಮದುವೆಯಾಗಲಿ ಸಾವಾಗಲಿ, ಅವಳು ಹೇಳಿದ್ದೇ ಸೈ. ಬೆಳಿಗ್ಗೆ ಅಜ್ಜಿಯನ್ನು ಹೊತ್ತುಕೊಂಡು ಹೋದಾಗಿನಿಂದ ಅವಳ ಬಾಯಿಗೆ ಬಿಡುವೇ ಇರಲಿಲ್ಲ.

ಅಜ್ಜಿ ದೊಡ್ಡತಾಯಮ್ಮ ಮದುವೆಯಾಗಿ ಭೇರ್ಯದಿಂದ ಈ ಊರಿಗೆ ಬರುವಾಗ ತವರಿನ ಹೆಪ್ಪನ್ನು ಜೊತೆಗೆ ತಂದಿದ್ದಳು. ಬಟ್ಟೆಯ ತುಂಡೊಂದನ್ನು ಮೊಸರಲ್ಲಿ ಅದ್ದಿ, ಒಣಗಿಸಿ, ಮಡಿಲಲ್ಲಿ ಕಟ್ಟಿಕೊಂಡು ಬಂದಳಂತೆ. ಇಲ್ಲಿ ಅದನ್ನು ಬೆಚ್ಚನೆಯ ಹಾಲಿಗೆ ಹಾಕಿದಳಂತೆ, ಮೊಸರಾಯಿತಂತೆ. ಅಲ್ಲಿಂದಾಚೆಗೆ ನಿನ್ನೆಯ ಮೊಸರಿನಿಂದ ಇವತ್ತಿನದು, ಇವತ್ತಿನದರಿಂದ ನಾಳೆಯದು.

ಈಗ ಭೇರ್ಯದ ಮನೆಯಲ್ಲಿ ಹಸುವೇ ಇಲ್ಲ. ಈ ಊರಿನವರೂ ಪ್ಯಾಕೆಟ್ ಮೊಸರು ತರುತ್ತಾರೆ. ಆ ಹೆಪ್ಪು ಉಳಿದಿದ್ದದ್ದು ಇದೊಂದು ಗಡಿಗೆಯಲ್ಲಿ ಮಾತ್ರ. ಅದನ್ನೂ ನಾಯಿ ನೆಕ್ಕುತ್ತಿತ್ತು.

ಒಳಗಿನಿಂದ ಯಾರೋ ಕರೆದರು. ಅಮ್ಮ ಗಡಿಗೆಯನ್ನು ಕೆಳಗಿಟ್ಟು ಹೋದಳು, ಕುಳ್ಳಮ್ಮ ನಾಯಿಯನ್ನು ಅಟ್ಟಲು ಕೋಲು ಹುಡುಕಿದಳು. ಅಷ್ಟೇ ಸಾಕಾಯಿತು. ಗಡಿಗೆಯ ಬಾಯಿಗೆ ಕಟ್ಟುತ್ತಿದ್ದ ಬಿಳಿ ಬಟ್ಟೆಯಿಂದ ರೂಪಶ್ರೀ ಒಳಗೆಲ್ಲ ಒರೆಸಿಕೊಂಡಳು. ಬಟ್ಟೆಯನ್ನು ಲಂಗದ ಮರೆಗೆ ಅಡಗಿಸಿಕೊಂಡಳು. ಹಿಂದೆಯೇ ಗಡಿಗೆ ಫಳ್ಳೆಂದು ಒಡೆದ ಸದ್ದು ಕೇಳಿತು.

ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಆ ಮನೆಯಲ್ಲಿ ಏನೇ ಒಣಗಬೇಕಾದರೂ ಬಚ್ಚಲುಮನೆಯ ಪುಟ್ಟ ತಾರಸಿಯ ಮೇಲೆ, ಉರಿ ಬಿಸಿಲಲ್ಲೇ ಒಣಗಬೇಕು. ರೂಪಶ್ರೀಯೂ ಅಲ್ಲೇ ಬಟ್ಟೆ ಹರವಿದಳು. ಗಾಳಿಗೆ ಹಾರದಿರಲಿ ಎಂದು ನಡುವೆ ಒಂದು ಚಪ್ಪಟೆ ಕಲ್ಲು ಹೇರಿದಳು. ಸೂತಕ ಕಳೆಯುವವರೆಗೂ ಯಾರಿಗೂ ಹೇಳಕೂಡದು ಎಂದು ಬಾಯಿಗೆ ಬೀಗ ಹಾಕಿಕೊಂಡಳು.

ತಿಥಿಯೂ ಮುಗಿಯಿತು, ನೆಂಟರೂ ಹೊರಟುಹೋದರು. ಅಪ್ಪ ಮಾತ್ರ ಅನ್ನ ಮುಟ್ಟಲಿಲ್ಲ.

ಅಪ್ಪ ನಟರಾಜು ಕಾಲುವೆಗೆ ನೀರು ಬಿಡುವ ಕೆಲಸದವನು. ದಿನವಿಡೀ ಕಾಲುವೆ ಏರಿಯ ಮೇಲೆ ಓಡಾಡಿ ಬಂದು, ಮೊಸರನ್ನವಿಲ್ಲದೆ ತಟ್ಟೆ ಬಿಟ್ಟು ಎದ್ದವನಲ್ಲ. ಈಗ ಕಾಫಿ ಕುಡಿದು ಗೋಡೆಗೊರಗಿ ಕೂತುಬಿಡುತ್ತಿದ್ದ. ಅಮ್ಮ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಅಂಗಡಿಯಿಂದ ಪ್ಯಾಕೆಟ್ ಮೊಸರು ತರಿಸಿ ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟು, "ಬ್ಯಾಡ ಬುಡು," ಎಂದು ತಟ್ಟೆ ಸರಿಸಿದ. ಅವನ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು.

"ಇಂಗೇ ಆದ್ರೆ ಮನುಸ ಉಳೀತಾನಾ?" ಎಂದು ಅಮ್ಮ ಒಲೆಯ ಮುಂದೆ ಕೂತು ತನ್ನಷ್ಟಕ್ಕೇ ಅಂದುಕೊಂಡಳು. ಅದು ರೂಪಶ್ರೀಯ ಕಿವಿಗೆ ಬಿತ್ತು. ಬಟ್ಟೆ ಇದೆಯಲ್ಲ, ಇವತ್ತು ಶಾಲೆಯಿಂದ ಬಂದವಳೇ ಹೆಪ್ಪು ಹಾಕುತ್ತೇನೆ ಎಂದುಕೊಂಡಳು.

ಶಾಲೆಯಲ್ಲಿ ನಂದಿತಾ ಮಿಸ್ ಸೈನ್ಸ್ ಪಾಠ ಮಾಡುತ್ತಿದ್ದರು. ಮಾತು ಎಲ್ಲಿಂದ ಎಲ್ಲಿಗೋ ಹೋಗಿ, ಸಾಗರ್ ಎದ್ದು ನಿಂತ.

"ಮಿಸ್, ಭೂಮಿ ಮೇಲಿರೋ ಜೀವ ಎಲ್ಲಾ ಮಂಗಳ ಗ್ರಹದಿಂದ ಬಂದದ್ದಂತೆ, ಹೌದಾ? ಮೊಬೈಲಲ್ಲಿ ನೋಡ್ದೆ."

"ಹಾಗೂ ಇರಬಹುದು ಅಂತ ಕೆಲವರು ಅಂತಾರೆ," ಎಂದರು ಮಿಸ್. "ಗ್ರಹಕ್ಕೆ ದೊಡ್ಡ ಬಂಡೆ ಬಡಿದರೆ ಕಲ್ಲುಚೂರು ಆಕಾಶಕ್ಕೆ ಸಿಡಿಯುತ್ತೆ. ಆ ಕಲ್ಲಿನೊಳಗೆ ಸೂಕ್ಷ್ಮಜೀವಿಗಳು ನಿದ್ದೆ ಮಾಡ್ಕೊಂಡೇ ಇನ್ನೊಂದು ಗ್ರಹಕ್ಕೆ ಹೋಗಿರಬಹುದು. ಆದರೆ ಹೋಗಿದ್ದನ್ನ ಕಂಡವರಿಲ್ಲ. ಇನ್ನೂ ಹುಡುಕ್ತಾ ಇದಾರೆ."

"ಟಿಕೆಟ್ ಇಲ್ದೆ ಬಸ್ ಅತ್ಬುಟ್ಟವೆ ಅನ್ನಿ!" ಎಂದ ಸಾಗರ್.

ಕ್ಲಾಸೆಲ್ಲ ನಕ್ಕಿತು. ರೂಪಶ್ರೀ ನಗಲಿಲ್ಲ.

"ಮಿಸ್, ಮೊಸರಲ್ಲಿರೋವು ಹೋಗ್ತವಾ?"

ಮತ್ತೆ ನಗು. ಮಿಸ್ ಕೈ ಎತ್ತಿ ಸುಮ್ಮನಾಗಿಸಿದರು. "ಅವು ಅಷ್ಟು ಗಟ್ಟಿಗರಲ್ಲ ಕಣೇ. ಒಣಗಿದರೆ ಒಂದಷ್ಟು ಕಾಲ ತಡಕೊಳ್ಳುತ್ತವೆ. ಬಿಸಿಲು ಬಡಿದರೆ ಕಷ್ಟ. ಬಹಳ ಗಟ್ಟಿ ಜಾತಿಯ ಬ್ಯಾಕ್ಟೀರಿಯಾಗಳನ್ನ ಜಪಾನಿನವರು ಬಾಹ್ಯಾಕಾಶ ನಿಲ್ದಾಣದ ಹೊರಗಡೆ ಇಟ್ಟು ನೋಡಿದ್ರು. ಸೂರ್ಯನ ಬೆಳಕಿಗೆ ಮೇಲಿನ ಪದರದವು ಸತ್ತವು. ಸತ್ತವುಗಳ ಮರೆಯಲ್ಲಿ ಕೆಳಗಿದ್ದವು ಬದುಕಿದವು."

ಉರಿ ಬಿಸಿಲಲ್ಲಿ ಬಟ್ಟೆ ಹರವಿದವಳು ರೂಪಶ್ರೀಯೇ. ದಿನಗಟ್ಟಲೆ ಅದು ಅಲ್ಲೇ ಬಿದ್ದಿತ್ತು. ಅಯ್ಯೋ, ನಾನೇ ಕೊಂದುಬಿಟ್ಟೆ ಎಂದುಕೊಂಡಳು. ಆಮೇಲೆ ಮಿಸ್ ಹೇಳಿದ್ದು ಯಾವುದೂ ಅವಳ ತಲೆಗೆ ಹೋಗಲಿಲ್ಲ.

ಬೆಲ್ ಹೊಡೆದದ್ದೇ ತಡ, ಮನೆಗೆ ಓಡಿ ತಾರಸಿ ಹತ್ತಿದಳು. ಬಟ್ಟೆ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಕಲ್ಲನ್ನು ಎತ್ತಿದಳು. ಅದರ ಕೆಳಗಿನ ಜಾಗಕ್ಕೆ ಬಿಸಿಲು ತಾಕಿರಲಿಲ್ಲ. ಅಲ್ಲಿ ಕೆನೆಬಣ್ಣದ ಒಂದು ಕಲೆ, ಮೂಸಿದರೆ ತೀರಾ ಸಣ್ಣಗೆ ಹುಳಿ ವಾಸನೆ. ಅಷ್ಟನ್ನೇ ಕತ್ತರಿಸಿಕೊಂಡು ಕೆಳಗಿಳಿದು, ಅಮ್ಮನ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು.

ಬೈಗುಳ ಬೀಳುತ್ತದೆ ಅಂದುಕೊಂಡಿದ್ದಳು. ಅಮ್ಮ ಆ ಚಿಂದಿಯನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದಳು.

"ಕುಳ್ಳಮ್ಮಂಗೆ ಏಳ್ಬ್ಯಾಡ," ಎಂದಳು. ಪುಟ್ಟ ಬಟ್ಟಲಿಗೆ ಉಗುರುಬೆಚ್ಚನೆಯ ಹಾಲು ಹಾಕಿಕೊಟ್ಟಳು. "ಸ್ವಲ್ಪವೇ ಸಾಕು. ಆದ್ರೆ ಆಗ್ಲಿ, ಆಗ್ದಿದ್ರೆ ಬುಡು."

ರೂಪಶ್ರೀ ಚಿಂದಿಯನ್ನು ಹಾಲಲ್ಲಿ ಮುಳುಗಿಸಿ, ಬಟ್ಟಲಿಗೆ ಅಜ್ಜಿಯ ಕಂಬಳಿ ಸುತ್ತಿ, ಒಲೆಯ ಮಗ್ಗುಲಲ್ಲಿ ಇಟ್ಟಳು. ಹಗಲು ಬಿಸಿಲಿದ್ದರೂ ರಾತ್ರಿ ಮಾಗಿಯ ಚಳಿ ಬೇರೆ.

ಬೆಳಿಗ್ಗೆ ಎದ್ದು ನೋಡಿದರೆ ಹಾಲು ಹಾಲಾಗಿಯೇ ಇತ್ತು. ಬಟ್ಟಲನ್ನು ಓರೆ ಮಾಡಿದರೆ ಹಾಗೇ ಸರಿದಾಡಿತು. ರೂಪಶ್ರೀಗೆ ಅಳು ಉಕ್ಕಿಬಂತು.

"ಚೆಲ್ಬುಡ್ಲಾ?" ಎಂದಳು ಅಮ್ಮ.

"ಬ್ಯಾಡ. ಸಂಜೆಗಂಟ ಇರ್ಲಿ."

ಸಂಜೆ ಕಂಬಳಿ ಬಿಚ್ಚಿದಳು. ಬಟ್ಟಲನ್ನು ಅಲ್ಲಾಡಿಸಿದಳು. ಒಳಗಿನದು ಸರಿದಾಡಲಿಲ್ಲ, ಅದುರಿತು. ಅಂಚಿನಲ್ಲಿ ನೀರು ಬಿಟ್ಟುಕೊಂಡ, ಮೆತ್ತನೆಯ ಮೊಸರು. ಅಮ್ಮ ಬಟ್ಟೆಯ ಚಿಂದಿಯನ್ನು ಮೆಲ್ಲಗೆ ಎತ್ತಿ ಒಲೆಗೆ ಹಾಕಿದಳು.

ಅಪ್ಪ ಗೋಡೆಗೊರಗಿ ಕೂತಿದ್ದ. ರೂಪಶ್ರೀ ತಟ್ಟೆಗೆ ಅನ್ನ ಹಾಕಿ, ಮೇಲೆ ಎರಡು ಚಮಚ ಮೊಸರು ಬಡಿಸಿ ಮುಂದಿಟ್ಟಳು.

"ಬ್ಯಾಡ ಕಣವ್ವಾ."

"ಒಂದೇ ತುತ್ತು ಉಣ್ಣಪ್ಪ. ನಾನೇ ಎಪ್ಪಾಕಿದ್ದು."

ಅವನು ಬೇಸರದಿಂದಲೇ ಕೈಯಿಟ್ಟ. ತುತ್ತು ಬಾಯಿಗೆ ಹೋಯಿತು. ಅಗಿಯುವುದನ್ನು ನಿಲ್ಲಿಸಿ ಮಗಳ ಮುಖ ನೋಡಿದ.

"ಉಳಿ ಜಾಸ್ತಿ ಆಗೈತೆ," ಎಂದ. "ಅವ್ವಂದು ಇಷ್ಟು ಉಳಿ ಇರ್ತಿರ್ಲಿಲ್ಲ."

ರೂಪಶ್ರೀಯ ಮುಖ ಬಾಡಿತು. ಅದು ಅವಳಿಗೂ ಗೊತ್ತಿತ್ತು. ಬೆರಳಲ್ಲಿ ಅದ್ದಿ ನೆಕ್ಕಿ ನೋಡಿದ್ದಳು. ಇದು ಅಜ್ಜಿಯ ಮೊಸರಿನ ರುಚಿಯಲ್ಲ. ಬಿಸಿಲು, ಚಳಿ, ಕಲ್ಲು ಎಲ್ಲವನ್ನೂ ದಾಟಿ ಬಂದದ್ದು ಬೇರೇನೋ ಆಗಿತ್ತು.

ಆದರೆ ಅಪ್ಪ ಇನ್ನೊಂದು ತುತ್ತು ಉಂಡ. ಮತ್ತೊಂದು ಉಂಡ. ತಟ್ಟೆ ಬರಿದಾಯಿತು. ಅಮ್ಮ ಸದ್ದಿಲ್ಲದೆ ಬಂದು ಇನ್ನೊಂದು ಹಿಡಿ ಅನ್ನ ಹಾಕಿದಳು. ರೂಪಶ್ರೀ ಮೊಸರು ಬಡಿಸಿದಳು. ಅದೂ ಮುಗಿಯಿತು.

"ಇನ್ನೊಂಚೂರು ಐತೇನವ್ವಾ?"

ರೂಪಶ್ರೀ ಬಟ್ಟಲಿನೊಳಗೆ ನೋಡಿದಳು. ತಳದಲ್ಲಿ ಒಂದು ಚಮಚದಷ್ಟಿತ್ತು. ಸರಿಯಾಗಿ ಒಂದು ಹೆಪ್ಪಿನಷ್ಟು. ಬಡಿಸುವ ಮೊದಲೇ ಎತ್ತಿಡಬೇಕಿತ್ತು, ಸಂಭ್ರಮದಲ್ಲಿ ಮರೆತುಬಿಟ್ಟಿದ್ದಳು. ಬಾಗಿಲ ಬಳಿ ನಿಂತಿದ್ದ ಅಮ್ಮ ಬೇಡ, ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಇಲ್ಲ ಅನ್ನಲು ರೂಪಶ್ರೀ ಬಾಯಿ ತೆರೆದಳು.

ಅಪ್ಪ ತಟ್ಟೆಯನ್ನು ಮುಂದಕ್ಕೆ ಹಿಡಿದುಕೊಂಡೇ ಇದ್ದ. ಕೈ ಬಡಕಲಾಗಿತ್ತು. ಅಜ್ಜಿ ಅವನಿಗೆ ಯಾವತ್ತೂ ಇಲ್ಲ ಅಂದವಳಲ್ಲ.

"ಐತೆ ಕಣಪ್ಪ," ಎಂದಳು.

ಬಟ್ಟಲನ್ನು ಬೋರಲು ಹಾಕಿದಳು. ಅಂಚಿಗಂಟಿದ್ದನ್ನೂ ಚಮಚದಿಂದ ಕೆರೆದು, ಬೆರಳಿನಿಂದ ಬಳಿದು ಹಾಕಿದಳು. ಅಪ್ಪ ಕಲೆಸಿಕೊಂಡು ಉಂಡ. ಉಣ್ಣುತ್ತಲೇ ಅತ್ತ, ಕಣ್ಣೊರೆಸಿಕೊಳ್ಳಲೂ ಇಲ್ಲ. ಖಾಲಿ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಅವನು ಕೈ ತೊಳೆಯುವವರೆಗೂ ರೂಪಶ್ರೀ ಪಕ್ಕದಲ್ಲೇ ಕೂತಿದ್ದಳು.