ತೋಳುಪಟ್ಟಿಯ ಸವೆದ ಗೆರೆ

ಬಸ್ ಡ್ರೈವರಾಗಿದ್ದ ಮುದುಕರು ಕಿಟಕಿ ಪಕ್ಕದ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಎಡತೋಳಿನಲ್ಲಿ ಬಿಪಿ ಮಷಿನ್ನಿನ ತೋಳುಪಟ್ಟಿ. ಪಕ್ಕದ ಸ್ಟೂಲಿನ ಮೇಲೆ ಮೊಬೈಲು. ಅದರಲ್ಲಿ ಹಸಿರು ಅಕ್ಷರ: 'ಇಂದಿನ ಬಿಪಿ ಚೆನ್ನಾಗಿದೆ. ಹೀಗೇ ಇರಲಿ.'

ಮಿದುಳಿನ ರಕ್ತನಾಳ ಒಡೆದಿರಬೇಕು, ಬೆಳಕು ಹರಿಯುವ ಮೊದಲೇ ಪ್ರಾಣ ಹೋಗಿದೆ ಎಂದರು ಪೊಲೀಸ್ ಡಾಕ್ಟರು. ಮೊಬೈಲಿಗೆ ಸಂದೇಶ ಬಂದದ್ದು ಬಿಸಿಲು ಬಂದ ಮೇಲೆ.

"ಸತ್ತವರಿಗೆ ಬಿಪಿ ಇರುತ್ತಾ ಡಾಕ್ಟ್ರೇ?" ಎಂದು ಇನ್ಸ್‌ಪೆಕ್ಟರು ಕೇಳಿದರು.

ಠಾಣೆಯಲ್ಲಿ ಅವರಿಗೆ ಜಿಗಣೆ ಎಂದೇ ಹೆಸರು. ಹಿಡಿದರೆ ಬಿಡುವ ಪೈಕಿ ಅಲ್ಲ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಅವರಿಗೂ ಗೊತ್ತು.

ಪೊಲೀಸರನ್ನು ಕರೆಸಿದ್ದು ಗಂಡನ ಮನೆಯಿಂದ ಓಡಿ ಬಂದ ಮಗಳು. ತಂದೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಆಸ್ಪತ್ರೆಯವರು ಈ ಮಷಿನ್ ಕೊಟ್ಟಿದ್ದರಂತೆ. ದಿನಾ ಬೆಳಿಗ್ಗೆ ಅಳೆದರೆ ಅಂಕಿ ಮೊಬೈಲಿನಿಂದ ತಾನಾಗಿ ಅಲ್ಲಿಗೆ ಹೋಗುತ್ತದೆ. ಹೆಚ್ಚಾಗಿದ್ದರೆ ನರ್ಸ್ ಫೋನ್ ಮಾಡುತ್ತಾರೆ. ಇನ್ನೊಂದು ಸಲ ಲಕ್ವ ಹೊಡೆಯದಿರಲಿ ಎಂದು ಇಷ್ಟೆಲ್ಲ. ಮಗಳು ಬಿಪಿ ಮಾತ್ರೆಯ ಎರಡು ಸ್ಟ್ರಿಪ್ ತಂದು ತೋರಿಸಿದಳು. ಹೊಸದರ ಶಕ್ತಿ ಹಳೆಯದರ ಅರ್ಧ.

"ಮಾತ್ರೆ ತರೋನು ಅಣ್ಣ," ಎಂದಳು. "ಅಪ್ಪನ್ನ ನೋಡ್ಕೊಂಡು ಸಾಕಾಗಿದೆ ಅಂತ ನನ್ನ ಹತ್ರಾನೇ ಅಂದಿದ್ದ."

ಅಣ್ಣ ಬೇಕರಿಯಲ್ಲಿ ಹಿಟ್ಟು ನಾದುವವನು. ತಂದೆಯ ಹಾಗೇ ದಪ್ಪ ತೋಳು. ಗೋಡೆಗೆ ಒರಗಿ ನಿಂತಿದ್ದ.

"ಹೌದು ಸಾರ್. ಮಾತ್ರೆ ಬದಲಿಸಿದ್ದು ನಾನೇ. ನನ್ನ ತೋಳಿಗೆ ಕಟ್ಕೊಂಡು ಸುಳ್ಳು ಅಂಕಿ ಕಳಿಸಿದ್ದೂ ನಾನೇ. ಅಮ್ಮನ್ನ ಏನೂ ಕೇಳ್ಬೇಡಿ."

ಅಡುಗೆಮನೆಯಲ್ಲಿ ತಾಯಿ ಕೈಕಟ್ಟಿ ಕೂತಿದ್ದರು. ಕಣ್ಣು ಒಲೆಯ ಮೇಲಿತ್ತು, ಒಲೆ ಹಚ್ಚಿರಲಿಲ್ಲ.

ತಪ್ಪೊಪ್ಪಿಗೆ ಇಷ್ಟು ಸಲೀಸಾಗಿ ಸಿಕ್ಕರೆ ಬೇರೆ ಯಾರಾದರೂ ಕೇಸು ಮುಗಿಸಿ ಊಟಕ್ಕೆ ಹೋಗುತ್ತಿದ್ದರು. ಜಿಗಣೆ ಆಸ್ಪತ್ರೆಗೆ ಹೋದರು.

*

ನರ್ಸ್ ಕಂಪ್ಯೂಟರ್ ತೆರೆದು ತೋರಿಸಿದರು. ಮೊದಮೊದಲು ಕೆಂಪು ಅಂಕಿಗಳೇ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಹಸಿರು.

"ಮಾತ್ರೆ ಕಮ್ಮಿ ಮಾಡಿದ್ದು ನಮ್ಮ ಡಾಕ್ಟರೇ," ಎಂದರು. "ಅಂಕಿ ಅಷ್ಟು ಚೆನ್ನಾಗಿತ್ತು. ಅವರಿಗೆ ತಲೆಸುತ್ತು ಬೇರೆ ಇತ್ತು. ಅವರ ಮಗನಿಗೆ ಫೋನಲ್ಲಿ ಹೇಳಿದ್ದು ನಾನು. ಒಂದ್ಸಲ ಇಲ್ಲಿಗೇ ಕರೆಸಿ ನೋಡಬೇಕಿತ್ತು ಸಾರ್. ಖುಷೀಲಿ ಮರೆತುಬಿಟ್ಟೆ."

ಮೊದಲೆಲ್ಲ ಫೋನ್ ಮಾಡಿದರೆ ಮುದುಕರು ಅಳುತ್ತಿದ್ದರಂತೆ, ಮತ್ತೆ ಆಸ್ಪತ್ರೆಗೆ ಸೇರಿಸುತ್ತೀರಾ ಎಂದು.

*

ಮನೆಗೆ ಬಂದವರೇ ಇನ್ಸ್‌ಪೆಕ್ಟರು ಮಗನ ತೋಳಿಗೆ ಆ ಪಟ್ಟಿ ಸುತ್ತಿದರು. ತುದಿ ಕಷ್ಟಪಟ್ಟು ಅಂಟಿತು. ಆದರೆ ದಿನಾ ಅಂಟಿಸಿ ಕಿತ್ತು ಸವೆದ ಗೆರೆ ಬಹಳ ಒಳಗಿತ್ತು. ತೆಳ್ಳನೆಯ ತೋಳಿಗೆ ಮಾತ್ರ ಅಲ್ಲಿಯವರೆಗೆ ಸುತ್ತಬಹುದು.

"ಇದು ನಿನ್ನ ತೋಳಲ್ಲ, ನಿಮ್ಮಪ್ಪಂದೂ ಅಲ್ಲ," ಎಂದರು. "ಏನು ನೋಡ್ದೆ, ಹೇಳು."

ಇವತ್ತು ಬೆಳಿಗ್ಗೆ ಕೆಲಸ ಮುಗಿಸಿ ಬಂದಾಗ ತಾಯಿ ಅಡುಗೆಮನೆಯಲ್ಲಿ ಪಟ್ಟಿಯನ್ನು ತಮ್ಮ ತೋಳಿಗೇ ಕಟ್ಟಿಕೊಂಡದ್ದನ್ನು ನೋಡಿದ್ದನಂತೆ. ನೋಡಿದ ಕ್ಷಣ ಮಾತ್ರೆ ಯಾಕೆ ಕಮ್ಮಿಯಾಯಿತು ಎನ್ನುವುದೂ ಹೊಳೆಯಿತಂತೆ. ಅಷ್ಟರಲ್ಲಿ ತಾಯಿ ಅಪ್ಪನ ಕುರ್ಚಿಯ ಬಳಿ ಹೋಗಿ ಕೂಗಿದ್ದರು. ಅಮ್ಮನಿಗೆ ಹೇಳಬೇಡಿ ಸಾರ್ ಎಂದು ಕೈ ಮುಗಿದ.

ಇನ್ಸ್‌ಪೆಕ್ಟರು ಅಡುಗೆಮನೆಗೆ ಹೋಗಿ ತಾಯಿಯ ಎದುರು ಕೂತರು. ಮಗ, ಮಗಳು ಬಾಗಿಲಲ್ಲಿ ನಿಂತರು.

"ಅಮ್ಮ, ಯಜಮಾನರಿಗೆ ಆಡ್ತಿದ್ದದ್ದು ಎಡಗೈ ಒಂದೇ. ಆ ಕೈಗೆ ಅವರೇ ಕಟ್ಕೊಳ್ಳೋಕೆ ಆಗಲ್ಲ. ಇನ್ಯಾರೋ ಕಟ್ಟಿದ್ದಾರೆ. ದಿನಾ ಅಳೀತಿದ್ದದ್ದು ಸಣ್ಣ ತೋಳು. ಈ ಮನೇಲಿ ಸಣ್ಣ ತೋಳು ನಿಮ್ಮದೊಂದೇ."

ತಾಯಿ ಮುಚ್ಚಿಡಲಿಲ್ಲ.

"ಅಂಕಿ ಜಾಸ್ತಿ ಬಂದ್ರೆ ಫೋನ್ ಬರೋದು. ಫೋನ್ ಬಂದ್ರೆ ಅವರು ನಡುಗೋರು. ಒಂದಿನ ನನ್ನ ಕೈಗೆ ಕಟ್ಕೊಂಡೆ. ಚೆನ್ನಾಗಿದೆ ಅಂತ ಬಂತು. ನೀವು ನಿದ್ದೇಲಿದ್ದಾಗ ನಿಮಗೇ ಕಟ್ಟಿದ್ದೆ ಅಂತ ಅವರಿಗೆ ತೋರಿಸ್ದೆ. ಅವತ್ತು ಎರಡು ತುತ್ತು ಜಾಸ್ತಿ ತಿಂದ್ರು. ಆಮೇಲೆ ದಿನಾ ಹಾಗೇ ಮಾಡ್ದೆ."

"ಇವತ್ತು?"

"ಇವತ್ತೂ ಇಲ್ಲೇ ನನ್ನ ಕೈಗೆ ಕಟ್ಕೊಂಡು ಅಳೆದು ತೋರಿಸೋಕೆ ಹೋದೆ. ಏಳಲಿಲ್ಲ. ಆಮೇಲೆ ನಿಜವಾಗ್ಲೂ ಅವರ ಕೈಗೇ ಕಟ್ಟಿದೆ ಸಾರ್. ಜಾಸ್ತೀನೇ ಬರಲಿ, ಏನಾದ್ರೂ ಒಂದು ಅಂಕಿ ಬರಲಿ ಅಂತ."

ಇನ್ಸ್‌ಪೆಕ್ಟರಿಗೆ ಹಿಡಿದದ್ದನ್ನು ಇಲ್ಲಿಗೇ ಬಿಟ್ಟು ಎದ್ದು ಹೋಗೋಣ ಎಂದು ಅನ್ನಿಸಿದ್ದು ಅದೇ ಮೊದಲು. ಎದ್ದೂ ಎದ್ದರು.

"ಹಾಗಾದ್ರೆ ಮಾತ್ರೆ?" ಎಂದಳು ಮಗಳು.

"ನಾನೇ ಬದಲಿಸಿದ್ದು ಅಂದ್ನಲ್ಲ," ಎಂದ ಮಗ. ತಂಗಿ ಅವನತ್ತ ಬೆಂಕಿಯಂತೆ ನೋಡಿದಳು. ಅವನು ತಲೆ ತಗ್ಗಿಸಿ ನಿಂತ.

ತಾಯಿ ಮಗನ ಮುಖವನ್ನೇ ನೋಡುತ್ತಿದ್ದರು. ಚಿಕ್ಕಂದಿನಿಂದ ಅವನ ಸುಳ್ಳುಗಳನ್ನೆಲ್ಲ ಹಿಡಿದ ಕಣ್ಣು ಅದು.

"ನನ್ನ ಅಂಕಿ ನೋಡಿ ಕಮ್ಮಿ ಮಾಡಿದ್ರಾ ಸಾರ್?"

ಮಗ ಬೇಡವೆಂದು ಕಣ್ಣಲ್ಲೇ ಬೇಡಿದ. ಇನ್ಸ್‌ಪೆಕ್ಟರು ಸುಮ್ಮನಾದರೆ ತಂದೆಯನ್ನು ಕೊಂದವನೆಂಬ ಹೆಸರು ಅವನಿಗೇ ಉಳಿಯುತ್ತಿತ್ತು.

"ಹೌದಮ್ಮ," ಎಂದರು. "ಡಾಕ್ಟರು ಕಮ್ಮಿ ಮಾಡಿದ್ರು. ನಿಮ್ಮ ಮಗ ಅವರು ಹೇಳಿದ್ದನ್ನ ತಂದ, ಅಷ್ಟೇ."

ಮಗಳು ಅಣ್ಣನ ಕೈ ಹಿಡಿದುಕೊಂಡಳು. ತಾಯಿ ಅಳಲಿಲ್ಲ. ತೆಳ್ಳನೆಯ ತೋಳನ್ನು, ಪಟ್ಟಿ ಸುತ್ತುತ್ತಿದ್ದ ಜಾಗದಲ್ಲಿ, ನಿಧಾನವಾಗಿ ಸವರಿಕೊಂಡರು.

"ನಂಗೆ ಯಾವ ಕಾಯಿಲೇನೂ ಇಲ್ಲ ಸಾರ್," ಎಂದರು. "ಇನ್ನೂ ಎಷ್ಟು ವರ್ಷ ಇರಬೇಕೋ."