ದೊರೆಯ ಪಕ್ಕದಲ್ಲಿ ಕೂತು ಮಸಾಲೆ ದೋಸೆ

“ಅಯ್ಯೋ ಶಿವನೇ! ನನ್ನ ನಡುಮನೇಲಿ ಹೋಟ್ಲು ಎಲೆ!”

ಪ್ರೇಮಕುಮಾರಿಯವರ ಆ ಒಂದು ಕೂಗಿಗೆ ಹೊಳೆನರಸೀಪುರದ ಅರ್ಧ ಊರು ಬೆಚ್ಚಿಬಿತ್ತು. ಮಿಕ್ಕರ್ಧ ಊರು ಚಪ್ಪಲಿ ಮೆಟ್ಟಿಕೊಂಡು ಬೀದಿಗೇ ಬಂತು. ಹೇಮಾವತಿ ಹೊಳೆ ಒಂದು ಗಳಿಗೆ ಹರಿಯುವುದನ್ನು ಬಿಟ್ಟು ಕಿವಿಗೊಟ್ಟಿತು ಎಂದು ಹೇಳುವವರೂ ಇದ್ದಾರೆ, ಸುಳ್ಳೆನ್ನಲು ಯಾರ ಬಳಿಯೂ ಸಾಕ್ಷಿಯಿಲ್ಲ. ನಡುಮನೆಯಲ್ಲಿ ಪ್ರೇಮಕುಮಾರಿಯವರ ಗಂಡನ ಅಕ್ಕ, ಚನ್ನರಾಯಪಟ್ಟಣದ ಜಯಲಕ್ಷ್ಮಮ್ಮ, ಕಾಫಿ ಲೋಟ ಹಿಡಿದು ಕೂತಿದ್ದರು. ಅವರ ಕಾಲ ಬಳಿ ಮಣ್ಣು ಮೆತ್ತಿದ, ಬೆಣ್ಣೆಯ ಜಿಡ್ಡು ಇನ್ನೂ ಆರದ ಒಂದು ಬಾಳೆಲೆ ಬಿದ್ದಿತ್ತು. ಎಲೆಯ ಪಕ್ಕದಲ್ಲಿ, ಚಕ್ರವರ್ತಿಗೆ ಕಪ್ಪ ಒಪ್ಪಿಸಿದ ಸಾಮಂತನ ಹಾಗೆ ಎದೆಯುಬ್ಬಿಸಿ ಬಾಲವಾಡಿಸುತ್ತ ನಿಂತಿತ್ತು ಕೆಂದು ಬಣ್ಣದ ನಾಯಿ. ಅದರ ಹೆಸರು ದೊರೆ.

ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಸೊಸೆ ಶಿವರಂಜನಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಐದು ತಿಂಗಳ ಹೊಟ್ಟೆಯ ಮೇಲೆ ಅವಳ ಎರಡೂ ಕೈ ತಾವಾಗಿಯೇ ಬಂದು ಕೂತವು. ಆ ಎಲೆ ಅವಳದ್ದೇ! ನಿನ್ನೆ ಸಂಜೆ ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಹೂತಿಟ್ಟಿದ್ದಳು... ಒಡತಿಗೆ ಪ್ರಿಯವಾದದ್ದು ಎಲ್ಲರಿಗೂ ಪ್ರಿಯ ಎಂದು ತಿಳಿದ ದೊರೆ ಅದನ್ನು ಬಗೆದು ತೆಗೆದು, ನೆಂಟರ ಪಾದಕ್ಕೇ ಅರ್ಪಿಸಿಬಿಟ್ಟಿತ್ತು.

ಆ ಮನೆಯ ಕಟ್ಟಳೆ ಏನೆಂಬುದು ಪೇಟೆಯ ಮಕ್ಕಳಿಗೂ ಗೊತ್ತು. ಪಾತ್ರೆ ಅಂಗಡಿ ಈಶ್ವರಯ್ಯನವರ ಮನೆಯಲ್ಲಿ ಹೊರಗಿನ ಎಣ್ಣೆ, ಹೊರಗಿನ ಉಪ್ಪು ಯಾರ ನಾಲಿಗೆಯನ್ನೂ ಮುಟ್ಟುವಂತಿಲ್ಲ. ಯಾಕೆ ಮುಟ್ಟಬೇಕು? ಪ್ರೇಮಕುಮಾರಿ ಸಾರಿಗೆ ಒಗ್ಗರಣೆ ಹಾಕಿದರೆ ಮೈಸೂರಿನ ಬಸ್ಸುಗಳು ಸ್ಟಾಪಿಲ್ಲದ ಕಡೆ ನಿಂತುಬಿಡುತ್ತಿದ್ದವು. ಅವರ ಹೋಳಿಗೆ ಎಷ್ಟು ತೆಳುವೆಂದರೆ ಅದನ್ನು ಹಿಡಿದು ಆಚೆ ಮನೆಯ ಮದುವೆ ನೋಡಬಹುದಿತ್ತು. ಆದರೆ ಬಸುರಿಯಾದ ಮೇಲೆ ಶಿವರಂಜನಿಯ ಹೊಟ್ಟೆಯಲ್ಲಿ ಆ ಅಮೃತದ ಒಂದು ತುತ್ತೂ ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿದ್ದದ್ದು ಒಂದೇ: ಗಂಡ ರುದ್ರೇಶ ಹಾಸನದ ಹೋಟೆಲಿನಲ್ಲಿ ಬಾಳೆಲೆಗೆ ಸುತ್ತಿಸಿ, ಸ್ಟೀಲ್ ಕ್ಯಾರಿಯರಿನಲ್ಲಿ ಬಚ್ಚಿಟ್ಟು ತರುತ್ತಿದ್ದ ಮಸಾಲೆ ದೋಸೆ.

“ಏನಮ್ಮಾ ಪ್ರೇಮಾ,” ಜಯಲಕ್ಷ್ಮಮ್ಮ ಎಲೆಯನ್ನು ಕಾಲ್ಬೆರಳಿನಲ್ಲಿ ತಿರುಗಿಸಿ ನೋಡಿ ಮೆಲ್ಲಗೆ ನಕ್ಕರು, “ನಿನ್ ಕೈ ಅಡುಗೆ ಬುಟ್ಟು ಹೋಟ್ಲಿಗೆ ಓಗೋ ಅಂಗಾದ್ಲಾ ನಿನ್ ಸೊಸೆ? ನಮ್ಮ ಚನ್ನರಾಯಪಟ್ಣದಲ್ಲಿ ಇಂಗಾಗಿದ್ರೆ ನಾನಂತೂ ತಲೆ ಎತ್ತಿ ಓಡಾಡ್ತಿರ್ಲಿಲ್ಲ ಕಣಮ್ಮ!”

ಆ ಮಾತು ಸೀದಾ ಪ್ರೇಮಕುಮಾರಿಯವರ ಎದೆಗೇ ಚುಚ್ಚಿತು. ಅವರ ಕಣ್ಣು ಮೊದಲು ಮಗನ ಮೇಲೆ ಹೋಯಿತು. ರುದ್ರೇಶ ಫ್ಯಾನಿನ ರೆಕ್ಕೆ ಎಣಿಸತೊಡಗಿದ. ಗಂಡನ ಮೇಲೆ ಹೋಯಿತು. ಈಶ್ವರಯ್ಯ ಪೇಪರನ್ನು ಮುಖದ ತುಂಬಾ ಹರಡಿಕೊಂಡರು. ಕೊನೆಗೆ ಅದು ನಾಯಿಯ ಮೇಲೆ ನಿಂತಿತು.

“ದೋಸೆ ಇವತ್ತಿಂದ ಬಂದ್! ಈ ನಾಯೀನೂ ಬಂದ್! ಬಸುರಿ ಇರೋ ಮನೆ ಇದು. ಅರಕಲಗೂಡಿಂದ ನನ್ ತಮ್ಮ ಪುಟ್ಟಸ್ವಾಮಿ ಜೀಪ್ ತರ್ತಾನೆ, ಅವ್ನ ಶುಂಠಿ ಹೊಲ ಕಾಯ್ಕೊಂಡಿರ್ಲಿ!”

“ಅತ್ತೆ!” ಶಿವರಂಜನಿ ಬಾಗಿಲು ಬಿಟ್ಟು ಮುಂದೆ ಬಂದಳು. “ದೋಸೆ ಬೇಡ ಅಂದ್ರೆ ಬುಡ್ತೀನಿ... ದೊರೇನ ಮಾತ್ರ ಕಳಿಸ್ಬೇಡಿ. ಇಂಜೆಕ್ಷನ್ ಎಲ್ಲಾ ಹಾಕ್ಸೈತೆ, ಡಾಕ್ಟ್ರೂ ಏನೂ ತೊಂದ್ರೆ ಇಲ್ಲ ಅಂದವ್ರೆ...”

“ಡಾಕ್ಟ್ರಿಗೇನ್ ಗೊತ್ತು! ಕಳಿಸ್ತೀನಿ ಅಂದ್ರೆ ಕಳಿಸ್ತೀನಿ!”

ದೊರೆ ಎಂದರೆ ಅವಳಿಗೆ ಬರಿಯ ನಾಯಿಯೇ? ಶಾಂತಿಗ್ರಾಮದ ತವರಿನಲ್ಲಿ, ಅಮ್ಮ ತೀರಿಹೋದ ವರ್ಷ, ಹಾಲಿನ ಡೈರಿಯ ಕಟ್ಟೆಯ ಕೆಳಗೆ ಸಿಕ್ಕ ಅಂಗೈಯಗಲದ ಮರಿ. ಅವಳು ಅತ್ತಾಗಲೆಲ್ಲ ಮಡಿಲಿಗೆ ಮೂತಿಯಿಟ್ಟು ಕೂರುತ್ತಿದ್ದದ್ದು ಅದೊಂದೇ. ಮದುವೆಯ ದಿನ ಹೆಣ್ಣು ಹತ್ತಿದ ಕಾರಿನ ಹಿಂದೆ ಹಾಸನದವರೆಗೂ ಓಡಿತು, ದಾರಿಯಲ್ಲಿ ಎರಡು ಎಕ್ಸ್‌ಪ್ರೆಸ್ ಬಸ್ಸುಗಳನ್ನು ಓವರ್‌ಟೇಕ್ ಮಾಡಿತು! ಕೊನೆಗೆ ಮದುಮಗ ರುದ್ರೇಶನೇ ಕಾರು ನಿಲ್ಲಿಸಿ, ಪೇಟ ತೆಗೆದು ಅದರ ಬೆವರು ಒರೆಸಿ, ಇಬ್ಬರ ನಡುವೆ ಕೂರಿಸಿಕೊಂಡಿದ್ದ. ಅಂಥ ದೊರೆಯನ್ನು ಆ ಸಂಜೆ ಜೀಪಿನೊಳಗೆ ಕಟ್ಟಿಹಾಕಿ ಒಯ್ದರು. ಅದು ಬೊಗಳಲಿಲ್ಲ, ಗುರುಗುಟ್ಟಲಿಲ್ಲ... ಬೀದಿ ತಿರುಗುವವರೆಗೂ ಅವಳನ್ನೇ ನೋಡುತ್ತಾ ಹೋಯಿತು. ಶಿವರಂಜನಿ ಬಾಗಿಲ ಕಂಬ ಹಿಡಿದು ಸುರಿಸಿದ ಕಣ್ಣೀರಿಗೆ ಗೊರೂರಿನ ಅಣೆಕಟ್ಟೆಯ ಗೇಟನ್ನೇ ತೆರೆಯಬೇಕಾಗಿತ್ತು!

ಆಮೇಲೆ ಆ ಮನೆಯಲ್ಲಿ ಊಟವೆಂಬುದೇ ಒಂದು ಯುದ್ಧವಾಯಿತು. ಅತ್ತೆ ಒಂದು ದಿನ ಅಕ್ಕಿರೊಟ್ಟಿ, ಇನ್ನೊಂದು ದಿನ ಅವರೆಕಾಳಿನ ಉಪ್ಪಿಟ್ಟು, ಮತ್ತೊಂದು ದಿನ ಒತ್ತು ಶ್ಯಾವಿಗೆ ಎಂದು ಒಲೆಯ ಮುಂದೆ ಬೆವರಿಳಿಸಿದರು. ಸೊಸೆ ತಟ್ಟೆಯ ಮುಂದೆ ಕೂತು, ಒಂದು ತುತ್ತು ಬಾಯಿಗಿಟ್ಟು, ಅಭ್ಯಾಸಬಲದಿಂದ ಪಕ್ಕಕ್ಕೆ ಕೈ ಚಾಚಿ, ಅಲ್ಲಿ ದೊರೆಯ ತಲೆ ಇಲ್ಲದ್ದು ಕಂಡು ಎದ್ದುಬಿಡುತ್ತಿದ್ದಳು. ಅವಳು ಹಟ ಮಾಡುತ್ತಿರಲಿಲ್ಲ. ಗಂಟಲಿನೊಳಗೆ ಅನ್ನ ಇಳಿಯುತ್ತಲೇ ಇರಲಿಲ್ಲ. ಡಾಕ್ಟರು ತೂಕ ನೋಡಿ ಹುಬ್ಬು ಗಂಟಿಕ್ಕಿದರು. “ಹೀಗೇ ಆದ್ರೆ ಮಗೂಗೆ ಕಷ್ಟ ಕಣಮ್ಮ,” ಎಂದರು. ಅವತ್ತು ಪ್ರೇಮಕುಮಾರಿ ದೇವರ ಕೋಣೆ ಹೊಕ್ಕವರು ಬಹಳ ಹೊತ್ತು ಹೊರಗೆ ಬರಲೇ ಇಲ್ಲ.

ಏಳನೇ ತಿಂಗಳಿಗೆ ಬಯಕೆ ಶಾಸ್ತ್ರ ಬಂತು. ಆ ಮನೆತನದಲ್ಲಿ ಅದು ಬರಿಯ ಆರತಿ, ಹಸಿರು ಬಳೆಯಲ್ಲಿ ಮುಗಿಯುವುದಿಲ್ಲ. ಮಡಿಲು ತುಂಬಿದ ಮೇಲೆ ಅತ್ತೆಯಾದವಳು ನೆಂಟರೆಲ್ಲರ ಎದುರು, “ಏನು ಬಯಕೆ, ಮಗಳೇ?” ಎಂದು ಮೂರು ಸಲ ಕೇಳಬೇಕು. ಬಸುರಿ ಏನು ಕೇಳುತ್ತಾಳೋ ಅದನ್ನು ತನ್ನ ಕೈಯಾರೆ ತಿನ್ನಿಸಬೇಕು. ತಿನ್ನಿಸುವ ತನಕ ಕೇಳಿದವಳು ಅನ್ನ ನೀರು ಮುಟ್ಟುವಂತಿಲ್ಲ. ಭಯಪಡುವಂಥದ್ದೇನೂ ಇರಲಿಲ್ಲ, ಏಕೆಂದರೆ ಹಿಂದಿನ ದಿನವೇ ಸೊಸೆಗೆ ಉತ್ತರ ಹೇಳಿಕೊಟ್ಟಿರುತ್ತಾರೆ. ಈ ಸಲದ ಉತ್ತರ ಕಜ್ಜಾಯ. ಪ್ರೇಮಕುಮಾರಿ ಕರಿದಿಟ್ಟ ಕಜ್ಜಾಯದ ರಾಶಿ ಎಷ್ಟಿತ್ತೆಂದರೆ ಅದರ ತುದಿ ನೋಡಲು ಜಯಲಕ್ಷ್ಮಮ್ಮ ಕನ್ನಡಕ ಬದಲಿಸಬೇಕಾಯಿತು.

“ಏನು ಬಯಕೆ, ಮಗಳೇ?”

ಶಿವರಂಜನಿ ತಲೆ ತಗ್ಗಿಸಿದಳು.

“ಏನು ಬಯಕೆ, ಮಗಳೇ? ಸಂಕೋಚ ಬೇಡ, ಹೇಳು!” ಪ್ರೇಮಕುಮಾರಿ ಚನ್ನರಾಯಪಟ್ಟಣದ ಕಡೆಯವರನ್ನೊಮ್ಮೆ ನೋಡಿ ದನಿಯೇರಿಸಿದರು. “ಭೂಮಿ ಮೇಲೆ ಎಲ್ಲಿದ್ರೂ ಸರಿ, ನಡೆಸ್ಕೊಡ್ತೀನಿ! ಏನು ಬಯಕೆ, ಮಗಳೇ?”

ಮಡಿಲಿನ ತುಂಬ ಅಕ್ಕಿ, ಕೊಬ್ಬರಿ, ಅರಿಶಿನ. ಅದರ ಕೆಳಗೆ ಮಗು ಒಮ್ಮೆ ಬಲವಾಗಿ ಒದೆಯಿತು. ಶಿವರಂಜನಿ ತಲೆಯೆತ್ತಿದಳು. ಕಣ್ಣಲ್ಲಿ ನೀರು, ದನಿಯಲ್ಲಿ ಮಾತ್ರ ಅಳುಕಿಲ್ಲ.

“ಹಾಸನದ ಹೋಟ್ಲಲ್ಲಿ, ದೊರೆ ಪಕ್ಕದಲ್ಲಿ ಕೂತ್ಕೊಂಡು, ನಿಮ್ಮ ಕೈಯಿಂದ ಮಸಾಲೆ ದೋಸೆ ತಿನ್ಬೇಕು ಅತ್ತೆ.”

ಆರತಿ ತಟ್ಟೆ ಹಿಡಿದವಳು ಹಿಡಿದಂತೆಯೇ ನಿಂತಳು.

“ಕಜ್ಜಾಯ ಅನ್ನೇ...” ಪ್ರೇಮಕುಮಾರಿ ಹಲ್ಲಿನ ಸಂದಿಯಲ್ಲೇ ಹೇಳಿದರು.

“ಬಾಯ್ತುಂಬ ಕೇಳ್ದೋಳು ನೀನೇ ತಾನೇ ಪ್ರೇಮಾ?” ಜಯಲಕ್ಷ್ಮಮ್ಮನಿಗೆ ಈ ಸುಖ ಕಜ್ಜಾಯಕ್ಕಿಂತ ರುಚಿಯಾಗಿತ್ತು. “ನಮ್ಮ ವಂಶದಲ್ಲಿ ಕೇಳಿದ ಬಯಕೆ ನಡೆಸದೆ ಎದ್ದೋರಿಲ್ಲ. ಎದ್ದೇಳ್ತೀಯೋ, ನಡೆಸ್ತೀಯೋ?”

ಪ್ರೇಮಕುಮಾರಿ ಮಗನತ್ತ ತಿರುಗಿದರು. ಆ ನೋಟಕ್ಕೆ ಅವನು ಹುಟ್ಟಿದಾಗಿನಿಂದ ಹೆದರಿಕೊಂಡೇ ಬಂದಿದ್ದ. ಆದರೆ ಅಂದು ರುದ್ರೇಶ ಫ್ಯಾನು ನೋಡಲಿಲ್ಲ. ಹೆಂಡತಿಯ ಬತ್ತಿದ ಕೆನ್ನೆ ನೋಡಿದ. “ಅವ್ವಾ, ನಾನು ಗಾಡಿ ತೆಗೀತೀನಿ,” ಎಂದ. ಅಷ್ಟೇ! ಆ ಮನೆಯ ಗೋಡೆಗಳು ಅಂಥ ಮಾತನ್ನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು, ಸುಣ್ಣ ಉದುರಿತು.

ಕಾರು ಅರಕಲಗೂಡಿನ ಕಡೆಗೆ ಹೊರಟಿತು. ಹಿಂದೆ ಜಯಲಕ್ಷ್ಮಮ್ಮನ ಕಾರು, ಅದರ ಹಿಂದೆ ಆರತಿ ತಟ್ಟೆಯವರ ಆಟೋ; ಮಂತ್ರಿಗಳ ಸವಾರಿಯೆಂದು ತಿಳಿದು ದಾರಿಯಲ್ಲಿ ಒಬ್ಬ ಪೊಲೀಸು ಸೆಲ್ಯೂಟನ್ನೂ ಹೊಡೆದ. ಪ್ರೇಮಕುಮಾರಿ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅವಮಾನಕ್ಕೆ ಹೀಗೆ ಬಿಗಿದುಕೊಂಡಿದ್ದಾರೆ ಎಂದುಕೊಂಡಳು ಶಿವರಂಜನಿ. ಆದರೆ ಅತ್ತೆಯ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದವು... ಅದು ಕೋಪವಿದ್ದವರ ಕೈಯಲ್ಲ.

ಶುಂಠಿ ಹೊಲದ ಗೇಟಿನ ಹತ್ತಿರ ಪುಟ್ಟಸ್ವಾಮಿ ಕೈ ಚೆಲ್ಲಿ ನಿಂತಿದ್ದರು. “ನೋಡಕ್ಕಾ ನಿನ್ನ ನಾಯೀನ! ಮುದ್ದೆ ಹಾಕಿದ್ರೆ ಮೂಸೋಕಿಲ್ಲ, ಹಾಲಿಟ್ರೆ ನೆಕ್ಕೋಕಿಲ್ಲ. ಹೊತ್ತು ಹುಟ್ಟಿದಾಗ್ಲಿಂದ ನಿಮ್ಮೂರು ರಸ್ತೇನೇ ನೋಡ್ಕಂಡು ಬಿದ್ದಿರ್ತದೆ. ಇದು ಹೊಲ ಕಾಯೋದಿರ್ಲಿ, ನಾನು ಇದುನ್ನ ಕಾಯೋ ಅಂಗಾಗೈತೆ ಕಣಕ್ಕಾ!”

ಹೊಲದ ಬದುವಿನಲ್ಲಿ ಪಕ್ಕೆಲುಬು ಕಾಣುವ ಹಾಗೆ ಮಲಗಿದ್ದ ಕೆಂದು ರಾಶಿಯೊಂದು ಕಿವಿ ನಿಮಿರಿಸಿತು. ಶಿವರಂಜನಿ ಕಾರಿನಿಂದ ಇಳಿದದ್ದೇ ತಡ, ಬಿಲ್ಲಿನಿಂದ ಬಾಣ ಬಿಟ್ಟಂತೆ ಬಂತು! ಧೂಳೆದ್ದಿತು, ಶುಂಠಿಯ ಎಲೆಗಳು ಮಲಗಿಕೊಂಡವು!

“ಬೇಡ! ಹಾರಬೇಡ... ಹಾರಬೇಡ ಕಣೋ!”

ಪ್ರೇಮಕುಮಾರಿ ಸೊಸೆಯ ಮುಂದೆ ಎರಡೂ ತೋಳು ಚಾಚಿ ಗೋಡೆಯಂತೆ ನಿಂತುಬಿಟ್ಟಿದ್ದರು. ಮುಖ ಬಿಳಿಚಿಕೊಂಡಿತ್ತು. ಅದು ಗದರಿಕೆಯಲ್ಲ, ಕರುಳು ಕಿತ್ತು ಬಂದ ಬೇಡಿಕೆ! ಶಿವರಂಜನಿ ಬೆರಗಾಗಿ ಅವರ ಭುಜ ಹಿಡಿದಳು.

“ಅತ್ತೆ... ಏನಾಯ್ತು ಅತ್ತೆ?”

“ರುದ್ರೇಶಂಗಿಂತ ಮುಂಚೆ ನಂಗೊಂದು ಹೆಣ್ಣು ಕೂಸಿತ್ತು ಕಣೆ... ಹೊಟ್ಟೇಲಿ. ಏಳು ತುಂಬಿತ್ತು.” ಮಾತು ಒಡೆದೊಡೆದು ಬಂತು. “ಹಿತ್ಲಲ್ಲಿ ಬಟ್ಟೆ ಒಣಗಾಕ್ತಿದ್ದೆ. ನಾನೇ ಅನ್ನ ಹಾಕಿ ಸಾಕಿದ್ ನಾಯಿ... ಪ್ರೀತಿಗೇ ಹಾರ್ತು ಕಣೆ, ಕೋಪಕ್ಕಲ್ಲ. ನಾನು ಬಿದ್ದೆ... ಆಮೇಲೆ ಕೂಸು ಅಲುಗ್ಲೇ ಇಲ್ಲ. ನಾಯಿ ತಪ್ಪಲ್ಲ, ನಂಗೊತ್ತು. ಆದ್ರೂ... ನಿನ್ ಹೊಟ್ಟೆ ನೋಡ್ದಾಗೆಲ್ಲ ನಂಗೆ ಆ ಹಿತ್ಲೇ ಕಣ್ಮುಂದೆ ಬತ್ತದೆ ಕಣೆ, ರಂಜೂ!”

ಮೂವತ್ತು ವರ್ಷ ಸಂಸಾರ ಮಾಡಿದ ಈಶ್ವರಯ್ಯ ಮುಖ ಬೇರೆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡರು. ಆ ಮಾತು ಮಗನಿಗೂ ಗೊತ್ತಿರಲಿಲ್ಲ!

ದೊರೆ ಏನು ಮಾಡಿತು ಗೊತ್ತೆ? ಅಷ್ಟು ವೇಗದಲ್ಲಿ ಬಂದದ್ದು, ಪ್ರೇಮಕುಮಾರಿಯವರ ಚಾಚಿದ ಕೈಯ ಎದುರು, ಬ್ರೇಕ್ ಹಾಕಿದ ಲಾರಿಯಂತೆ ನಾಲ್ಕೂ ಕಾಲು ನೆಲಕ್ಕೂರಿ ನಿಂತಿತು. ನಿಂತದ್ದು ಕೂತಿತು. ಕೂತದ್ದು ಹೊಟ್ಟೆ ನೆಲಕ್ಕೆ ತಾಗಿಸಿ, ಗೇಣು ಗೇಣಾಗಿ ತೆವಳುತ್ತ ಬಂದು, ಮೊದಲು ಅತ್ತೆಯ ಪಾದ ಮೂಸಿ, ಅವರ ಪಕ್ಕದಿಂದ ಕತ್ತು ಚಾಚಿ ಸೊಸೆಯ ಪಾದದ ಮೇಲೆ ಗಲ್ಲವಿಟ್ಟು ಕಣ್ಣು ಮುಚ್ಚಿತು. ಶಿವರಂಜನಿಯ ಮೈಮೇಲೆ ಒಂದು ಕೂದಲೂ ತಾಗಲಿಲ್ಲ. ಇಂದ್ರನ ಐರಾವತಕ್ಕೂ ಅಷ್ಟು ಮರ್ಯಾದೆ ತಿಳಿದಿರಲಿಕ್ಕಿಲ್ಲ!

ಪ್ರೇಮಕುಮಾರಿ ಅದರ ಎದ್ದ ಪಕ್ಕೆಲುಬು ನೋಡಿದರು. ಚಾಚಿದ ತೋಳು ನಿಧಾನವಾಗಿ ಇಳಿಯಿತು. “ಹತ್ಸೋ ಗಾಡಿಗೆ,” ಎಂದರು ಮಗನಿಗೆ. “ಹೊಟ್ಟೆ ಹಸ್ಕಂಡೈತೆ ಅದು.”

ಹಾಸನದ ಹೋಟೆಲಿನ ಮುಂದೆ ಸವಾರಿ ನಿಂತಾಗ ಇನ್ನೊಂದು ಬಾಂಬು ಸಿಡಿಯಿತು. ಒಳಗೆ ಕಾಲಿಡುತ್ತಲೇ ಮ್ಯಾನೇಜರು ಕೈಮುಗಿದು, “ಬನ್ನಿ ಸಾ! ಏನ್ ಸಾ, ಇವತ್ತು ಮನೆ ಮಂದಿ ಎಲ್ಲಾ? ನಿಮಗೆ ಮಾಮೂಲಿ ರವೆ ಇಡ್ಲಿ, ಎರಡು ವಡೆ, ಗಟ್ಟಿ ಚಟ್ನಿ ತಾನೇ?” ಎಂದ. ಕೇಳಿದ್ದು ರುದ್ರೇಶನನ್ನಲ್ಲ. ಈಶ್ವರಯ್ಯನವರನ್ನು!

“ಏನ್ರೀ ಇದು?” ಪ್ರೇಮಕುಮಾರಿಯವರ ಹುಬ್ಬು ಹಣೆಯ ತುದಿ ಮುಟ್ಟಿತು. “ಪಾತ್ರೆ ಸ್ಟಾಕ್ ನೋಡ್ಕಂಡು ಬತ್ತೀನಿ ಅಂತ ವಾರವಾರ ಬತ್ತಿದ್ದು ಇದುಕ್ಕಾ?”

“ಪಾತ್ರೇನೂ... ನೋಡ್ತಿದ್ದೆ ಕಣೆ,” ಎಂದರು ಈಶ್ವರಯ್ಯ, ಈ ಸಲ ಮರೆಗೆ ಪೇಪರೂ ಇಲ್ಲದೆ.

ಶಿವರಂಜನಿಗೆ ನಗು ತಡೆಯಲಾಗಲಿಲ್ಲ. ಎರಡು ತಿಂಗಳ ಮೇಲೆ ಬಂದ ನಗು! ಅದನ್ನು ಕೇಳಿ ಪ್ರೇಮಕುಮಾರಿಯವರ ಸಿಟ್ಟು ಅರ್ಧದಲ್ಲೇ ಕರಗಿತು. ನಾಯಿಯನ್ನು ಒಳಗೆ ಬಿಡುವಂತಿಲ್ಲವೆಂದು ಮ್ಯಾನೇಜರು ಹಲ್ಲುಗಿಂಜಿದಾಗ ಅವರೇ ಸೊಂಟಕ್ಕೆ ಸೆರಗು ಸಿಕ್ಕಿಸಿದರು. “ಹಂಗಾರೆ ಟೇಬಲ್ನ ಆಚೆ ಹಾಕು! ನನ್ ಸೊಸೆ ಬಯಕೆ ಕಣಪ್ಪ ಇದು, ನಗಬ್ಯಾಡ!” ಬೇವಿನ ಮರದ ನೆರಳಿಗೆ ಟೇಬಲ್ಲುಗಳು ಬಂದವು. ಬಂದ ಗಿರಾಕಿಗಳೆಲ್ಲ ತಮ್ಮ ಕಾಫಿ ಮರೆತು ಸುತ್ತ ನಿಂತರು; ಹಾಸನದಲ್ಲಿ ಅಷ್ಟು ಜನ ಚುನಾವಣೆಗೂ ಸೇರಿರಲಿಲ್ಲ.

ದೋಸೆ ಬಂತು. ಹೊಂಬಣ್ಣದ, ಗರಿಗರಿಯ, ನೆತ್ತಿಯ ಮೇಲೆ ಬೆಣ್ಣೆ ಕರಗುತ್ತಿದ್ದ ದೋಸೆ. ಪ್ರೇಮಕುಮಾರಿ ಮುರಿದು, ಪಲ್ಯ ಸೇರಿಸಿ, ಊದಿ ಆರಿಸಿ ಸೊಸೆಯ ಬಾಯಿಗಿಟ್ಟರು. ಶಿವರಂಜನಿ ನುಂಗಿದಳು. ಎಲ್ಲರೂ ಉಸಿರು ಬಿಗಿಹಿಡಿದರು... ನಿಂತಿತು! ಎರಡನೇ ತುತ್ತು, ಮೂರನೇ ತುತ್ತು... ದೋಸೆಯೇ ಮುಗಿಯಿತು! ಬೆಂಚಿನ ಪಕ್ಕದಲ್ಲಿ ದೊರೆ ಬರಿಯ ಇಡ್ಲಿಗಳನ್ನು ತಟ್ಟೆಗೆ ತಟ್ಟೆ ಖಾಲಿ ಮಾಡುತ್ತಿತ್ತು.

“ಈಗ ನೀವು ತಿನ್ನಿ ಅತ್ತೆ. ಬೆಳಗಿಂದ ನೀರೂ ಮುಟ್ಟಿಲ್ಲ ನೀವು,” ಎಂದು ಶಿವರಂಜನಿ ಹೊಸ ದೋಸೆಯ ಒಂದು ಚೂರು ಮುರಿದು ಅವರ ತುಟಿಗೆ ಹಿಡಿದಳು. ಜೀವಮಾನದ ಕಟ್ಟಳೆ ಆ ತುಟಿಯ ಮೇಲೆ ಒಂದು ಕ್ಷಣ ತಡೆಯಿತು. ಆಮೇಲೆ ತುಟಿ ತೆರೆಯಿತು. ಅಗಿದರು. ಮತ್ತೆ ಅಗಿದರು.

“ಹೆಂಗೈತೆ ಪ್ರೇಮಾ?” ಜಯಲಕ್ಷ್ಮಮ್ಮ ಕತ್ತು ಚಾಚಿದರು.

“ಚಟ್ನಿಗೆ ಕಾಯಿ ಸಾಲ್ದು,” ಎಂದರು ಪ್ರೇಮಕುಮಾರಿ. “ಇನ್ನೊಂದು ತರ್ಸು.”

ಚಪ್ಪಾಳೆ ಬಿತ್ತು! ಅದರ ಸದ್ದು ಶಾಂತಿಗ್ರಾಮದ ಡೈರಿಯವರೆಗೂ ಕೇಳಿಸಿ, ಹಸುಗಳು ಆ ಸಂಜೆ ಒಂದೊಂದು ಲೀಟರು ಹೆಚ್ಚಿಗೆ ಹಾಲು ಕೊಟ್ಟವಂತೆ.

ಹೊತ್ತಿಳಿಯುವಾಗ ಕಾರು ಹೊಳೆನರಸೀಪುರಕ್ಕೆ ಮರಳಿತು. ಹಿಂದಿನ ಸೀಟಿನಲ್ಲಿ ಶಿವರಂಜನಿ ಅತ್ತೆಯ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗಿದ್ದಳು. ಕೆಳಗೆ ದೊರೆ, ಪ್ರೇಮಕುಮಾರಿಯವರ ರೇಷ್ಮೆ ಸೀರೆಯ ನೆರಿಗೆಯ ಮೇಲೆ, ಅವರ ಎರಡೂ ಪಾದಗಳನ್ನು ತಬ್ಬಿ ಗೊರಕೆ ಹೊಡೆಯುತ್ತಿತ್ತು. ಕಾಲು ಜೋಮು ಹಿಡಿದಿತ್ತು. ಅಲುಗಿಸಿರಲಿಲ್ಲ. ಆಗ ಪುಟ್ಟಸ್ವಾಮಿಯವರ ಫೋನು ಬಂತು. “ಅಕ್ಕಾ, ಶಾಸ್ತ್ರ ಮುಗೀತಲ್ಲ, ನಾಯೀನ ನಾಳೆ ವಾಪಸ್ ಹೊಲಕ್ಕೆ ಕರ್ಕಂಡೋಗ್ಲಾ?”

“ಮನೆ ಬುಟ್ಟು ಅದ್ಯಾಕ್ಲಾ ಬತ್ತದೆ? ಮೊಮ್ಮಗು ಬರೋ ಹೊತ್ತಿಗೆ ತೊಟ್ಲು ಪಕ್ಕ ಯಾರ್ ಮಲಗ್ತಾರೆ, ನೀನಾ? ಇಡು ಫೋನು, ಎಚ್ಚರ ಆದಾತು!” ಪಿಸುದನಿಯಲ್ಲಿ ಗದರುವ ವಿದ್ಯೆಯನ್ನು ಪ್ರೇಮಕುಮಾರಿ ಅಂದೇ ಕಲಿತರು.

ಕಾರು ಮನೆಯ ಮುಂದೆ ನಿಧಾನವಾಯಿತು. ರುದ್ರೇಶ ಬ್ರೇಕಿನ ಮೇಲೆ ಕಾಲಿಟ್ಟು ಕನ್ನಡಿಯಲ್ಲಿ ಹಿಂದೆ ನೋಡಿದ. ತಾಯಿ ಬೆರಳು ತುಟಿಯ ಮೇಲಿಟ್ಟು ತಲೆಯಾಡಿಸಿದರು.

“ನಿಲ್ಲಿಸ್ಬೇಡ ಕಣೋ. ಹೊಳೆ ಸೇತುವೆ ತಂಕ ಇನ್ನೊಂದು ಸುತ್ತು ಹೋಗು... ಮಲಗವೆ ಪಾಪ, ಎರಡೂ ಮಕ್ಕಳು.”